ಮುನಿಸುಗಲ್ಲಿನ ಸೇತುವೆ

ಸಮುದ್ರಕ್ಕೆ ಸುರಿದ ಉಪ್ಪು ಇನ್ನೂ ಪೂರ್ತಿ ಕರಗಿರಲಿಲ್ಲ, ಅಷ್ಟು ಹಳೆಯ ಕಾಲದ ಮಾತು. ತೆರೆನಾಡು ಎಂಬ ರಾಜ್ಯವಿತ್ತು. ಅದರ ರಾಜಧಾನಿ ಕಡಲಪಟ್ಟಣ. ಸಮುದ್ರದ ಒಂದು ತೋಳು ಆ ಪಟ್ಟಣವನ್ನು ನಡುವೆ ಸೀಳಿಕೊಂಡು ಒಳಗೆ ಬಂದಿತ್ತು. ತೋಳಿನ ಈಚೆ ದಡದಲ್ಲಿ ಬಡಗುಕೇರಿ, ಆಚೆ ದಡದಲ್ಲಿ ತೆಂಕುಕೇರಿ. ಹಾಯಿ ಬಿಚ್ಚಿದ ಹಡಗುಗಳು ಅದೇ ನೀರಿನಲ್ಲಿ ಒಳಗೆ ಬಂದು ಬಂದರಿನಲ್ಲಿ ಲಂಗರು ಹಾಕುತ್ತಿದ್ದವು. ಅರಮನೆ, ಗರಡಿಮನೆ, ತರಕಾರಿ ತೋಟಗಳು ಬಡಗುಕೇರಿಯಲ್ಲಿ. ಮೀನುಪೇಟೆ, ಅಕ್ಕಿಪೇಟೆ, ಕುಡಿಯುವ ನೀರಿನ ಬಾವಿ ತೆಂಕುಕೇರಿಯಲ್ಲಿ. ಹಾಗಾಗಿ ಇವರು ಅಲ್ಲಿಗೆ ಹೋಗಲೇಬೇಕು, ಅವರು ಇಲ್ಲಿಗೆ ಬರಲೇಬೇಕು.

ಹೋಗುವುದು ಹೇಗೆ? ನೀರಿನ ನಡುವಿನ ಬಂಡೆಯ ಮೇಲೆ ಗುಟುಕಯ್ಯ ಎಂಬ ಮಾಯಗಾರ ಮನೆ ಮಾಡಿಕೊಂಡಿದ್ದ. ಅವನು ಆ ನೀರಿಗೆ ಮೂರು ಮಂತ್ರ ಹಾಕಿದ್ದ. ಮೊದಲನೆಯದು, ದಡದಿಂದ ದಡಕ್ಕೆ ಹೊರಟ ದೋಣಿ ಮೂರು ಸುತ್ತು ಗಿರಗಿರ ತಿರುಗಿ ಹೊರಟಲ್ಲಿಗೇ ವಾಪಸು ಬರಬೇಕು. ಎರಡನೆಯದು, ನೀರಿಗೆ ಅಡ್ಡಲಾಗಿ ಏನು ಕಟ್ಟಿದರೂ ನೂರು ಎಣಿಸುವುದರೊಳಗೆ ಅದು ಮುರಿದು ಬೀಳಬೇಕು. ಮೂರನೆಯದು, ದಾಟಬೇಕೆನ್ನುವವರೆಲ್ಲ ಅವನ ಆಮೆಯ ಮೇಲೆಯೇ ದಾಟಬೇಕು.

ಆ ಆಮೆ ಒಕ್ಕಣೆಯ ಕಣದಷ್ಟು ಅಗಲವಿತ್ತು. ಹತ್ತಿ ಕುಳಿತವರ ಬಾಯಿಂದ ಮೊದಲು ಬಂದ ಮಾತು ಯಾವುದೋ ಅದೇ ಅದರ ಕೂಲಿ. ಆ ಮಾತು ಕುಳಿತವರ ನಾಲಿಗೆಯಿಂದ ಎದ್ದುಹೋಗಿ ಗುಟುಕಯ್ಯನ ಸೊಂಟದ ಸೋರೆಬುರುಡೆಗಳಲ್ಲಿ ಒಂದರೊಳಗೆ ಬೀಳುತ್ತಿತ್ತು. ಆಮೇಲೆ ಎಷ್ಟು ತಿಣುಕಿದರೂ ಅವರಿಗೆ ಅದನ್ನು ಹೇಳಲು ಆಗುತ್ತಿರಲಿಲ್ಲ. ಮಾತಾಡದೆ ಕುಳಿತರೆ ಆಮೆ ಕದಲುತ್ತಿರಲಿಲ್ಲ.

ಆಮೆಯ ಬೆನ್ನು ಪಾಚಿಗಟ್ಟಿ ಜಾರುತ್ತಿತ್ತು. ಜಾರಿದವನ ಬಾಯಲ್ಲಿ ಬರುವುದು ಬೈಗುಳ. ಹಾಗಾಗಿ ಪಟ್ಟಣದ ಬೈಗುಳಗಳೆಲ್ಲ ಮೊದಲ ವರ್ಷವೇ ಖರ್ಚಾಗಿಹೋದವು. ತಾಯಂದಿರು ಮಕ್ಕಳನ್ನು ಬೈಯಲಾಗದೆ ಅತ್ತರು. ಮೀನು ಮಾರುವ ಸಂಕಮ್ಮ 'ಮೀನು' ಎಂಬ ಮಾತನ್ನೇ ಕಳೆದುಕೊಂಡು, "ಈಜೋದು ಬೇಕಾ, ಈಜೋದು, ತಾಜಾ ಈಜೋದು!" ಎಂದು ಕೂಗುತ್ತಿದ್ದಳು. ಬುದ್ಧಿವಂತರು ಹತ್ತುವಾಗ ಬೇಡದ ಮಾತನ್ನು ನೆನಪು ಮಾಡಿಕೊಂಡು "ಹೆಗ್ಗಣ", "ಹೆಗ್ಗಣ" ಎಂದುಕೊಳ್ಳುತ್ತಾ ಬರುವರು. ಕಾಲು ಜಾರಿದ ಕೂಡಲೇ "ಅಮ್ಮಾ" ಎಂದುಬಿಡುವರು.

ರಾಜ ಪ್ರಚಂಡರಾಯ ಮೂರು ಸಲ ಆಚೆ ದಡಕ್ಕೆ ಹೋಗಿ ಬಂದಿದ್ದ; ಬರುವಾಗ ಕೊಟ್ಟ ಮಾತುಗಳ ಲೆಕ್ಕ ಬೇರೆ. ಮೊದಲ ಸಲ ಸೇವಕ ಕೊಡೆ ಹಿಡಿಯಲು ಬಂದಾಗ "ಬೇಡ" ಎಂದ. ಎರಡನೆಯ ಸಲ ಎಳನೀರು ಕೊಡಲು ಬಂದಾಗ "ಒಲ್ಲೆ" ಎಂದ. ಮೂರನೆಯ ಸಲ ಬೀಸಣಿಗೆ ಬೀಸಲು ಬಂದಾಗ "ಕೂಡದು" ಎಂದ. ಮೂರೂ ಹೋದವು. ಅಂದಿನಿಂದ ಯಾರು ಏನು ಕೇಳಿದರೂ ರಾಜನ ಬಾಯಲ್ಲಿ ಬರುವುದು ಒಂದೇ ಮಾತು: "ಆಗಲಿ." ಅಡುಗೆಯವನು ಇನ್ನೊಂದು ಹೋಳಿಗೆ ಎಂದರೆ ಆಗಲಿ. ಮತ್ತೊಂದು ಎಂದರೂ ಆಗಲಿ. ಕಡ್ಡಿಯಂತಿದ್ದ ರಾಜ ಮೂರು ತಿಂಗಳಲ್ಲಿ ಗುಡಾಣದಂತಾದ.

ಒಂದು ದಿನ ಗುಟುಕಯ್ಯ ನೀರಿನ ಮೇಲೆ ನಡೆದುಕೊಂಡೇ ಅರಮನೆಗೆ ಬಂದ. "ಮಹಾರಾಜಾ, ನಿನ್ನ ರಾಜ್ಯವನ್ನು ನನಗೆ ಕೊಡುತ್ತೀಯಾ?" ಎಂದು ಕೇಳಿದ.

ರಾಜ ಮುಖ ಕೆಂಪಗೆ ಮಾಡಿಕೊಂಡ, ಕೆನ್ನೆ ಉಬ್ಬಿಸಿದ, ಸಿಂಹಾಸನದ ಹಿಡಿ ಕಿತ್ತುಬರುವಂತೆ ಹಿಡಿದುಕೊಂಡ. ಕೊನೆಗೆ ಬಂದದ್ದು, "ಆ... ಆ... ಆಗಲಿ."

ಮುದಿ ಮಂತ್ರಿ ಥಟ್ಟನೆ ಎದ್ದು, "ಕೊಡುವುದೇನೋ ಸರಿ. ಆದರೆ ಮುಹೂರ್ತವಿಲ್ಲದೆ ರಾಜ್ಯ ಕೊಟ್ಟವರುಂಟೇ? ಬರುವ ಹುಣ್ಣಿಮೆಯ ನಡುಮಧ್ಯಾಹ್ನಕ್ಕೆ ಇಟ್ಟುಕೊಳ್ಳೋಣ" ಎಂದ.

"ಆಗಲಿ" ಎಂದ ಗುಟುಕಯ್ಯ ರಾಜನನ್ನು ಅಣಕಿಸುತ್ತಾ. ನಗುನಗುತ್ತಾ ಹೋದ.

ಬಡಗುಕೇರಿಯಲ್ಲಿ ಹೊನ್ನಿ ಎಂಬ ಹೆಣ್ಣಿದ್ದಳು. ಏತ ಹೊಡೆದು ಸೊಪ್ಪಿನ ಮಡಿಗಳಿಗೆ ನೀರು ಹಾಯಿಸುವುದು ಅವಳ ಕೆಲಸ. ಎತ್ತರದ ಕಂಬ, ಕಂಬದ ತಲೆಯ ಮೇಲೆ ಉದ್ದನೆಯ ತೊಲೆ, ತೊಲೆಯ ಒಂದು ತುದಿಗೆ ಕಲ್ಲು, ಇನ್ನೊಂದು ತುದಿಗೆ ಬಾನಿ. ಕಲ್ಲು ಕೆಳಗಿಳಿದರೆ ಬಾನಿ ಮೇಲೇಳುತ್ತಿತ್ತು. ಅವಳು ಒಮ್ಮೆಯೂ ಆಮೆ ಹತ್ತಿದವಳಲ್ಲ. ಅವಳ ತಾಯಿ ದುಗ್ಗಮ್ಮ ಸೂಲಗಿತ್ತಿ. "ಒಂದು ಮನೆಯಿಂದ ಒಂದು ನಾಲಿಗೆ ಹಾಳಾದರೆ ಸಾಕು" ಎಂದು ಮಗಳನ್ನು ತಡೆದಿದ್ದಳು. ದುಗ್ಗಮ್ಮ ಮಾತ್ರ ತೆಂಕುಕೇರಿಯಲ್ಲಿ ಯಾರಿಗೇ ನೋವು ಬಂದರೂ ಓಡುವಳು. ಹೋಗುವಾಗ ಒಂದು ಮಾತು, ಬರುವಾಗ ಒಂದು ಮಾತು.

ರಾಜ್ಯದ ಸುದ್ದಿ ಬಂದ ದಿನವೇ ದುಗ್ಗಮ್ಮನಿಗೆ ಕರೆ ಬಂತು. ಅವಳು ಅವಸರದಲ್ಲಿ ಆಮೆ ಹತ್ತಿದಳು. ದಡದಲ್ಲಿ ನಿಂತ ಮಗಳ ಕಡೆ ತಿರುಗಿ ಕೂಗಿದಳು: "ಹೊನ್ನೀ, ಒಲೆ ಮೇಲೆ ಗಂಜಿ ಇದೆ!"

ಸಂಜೆಗೆ ತಾಯಿ ಮನೆಗೆ ಬಂದಳು. ಬಾಗಿಲಲ್ಲಿ ನಿಂತು ಮಗಳ ಮುಖ ನೋಡಿದಳು. ತುಟಿ ಅಲುಗಿಸಿದಳು. ಏನೂ ಬರಲಿಲ್ಲ.

"ಇವಳೇ..." ಎಂದಳು. "ಏ... ನನ್ನ ಮಗಳೇ..." ಎಂದಳು. ಆಮೇಲೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕುಳಿತುಬಿಟ್ಟಳು.

ಹೊನ್ನಿ ಅಂದು ಊಟ ಮಾಡಲಿಲ್ಲ. ಬೆಳಗಾದದ್ದೇ ತಡ, ಸೀರೆಯನ್ನು ಕಚ್ಚೆ ಹಾಕಿ ಕಟ್ಟಿಕೊಂಡು, ಊರ ಶಿಲ್ಪಿ ಬಾಚಣ್ಣನ ಮನೆಗೆ ಹೋದಳು.

ಬಾಚಣ್ಣನಿಗೆ ಐವತ್ತು ವರ್ಷ. ಆ ನೀರಿಗೆ ಎರಡು ಸೇತುವೆ ಕಟ್ಟಲು ಹೋದವನು. ಮೊದಲು ಕಲ್ಲಿನದು, ಮೊದಲ ಕಮಾನು ನೂರು ಎಣಿಸುವುದರೊಳಗೆ ಬಿತ್ತು. ಆಮೇಲೆ ಮರದ್ದು, ಅದೂ ಬಿತ್ತು. ದುಃಖದಲ್ಲಿ ಆಮೆ ಹತ್ತಿ "ಸೇತುವೆಯ ಗತಿ ಹೀಗಾಯಿತಲ್ಲ" ಎಂದದ್ದಕ್ಕೆ ಆ ಮಾತೂ ಹೋಯಿತು.

"ಬಾಚಣ್ಣ, ಒಂದು ಸೇತುವೆ ಕಟ್ಟೋಣ" ಎಂದಳು ಹೊನ್ನಿ.

"ಆ ನೀರಿನ ಮೇಲೆ ಅಡ್ಡ ಮಲಗೋದಾ?" ಬಾಚಣ್ಣ ಮುಖ ಸಿಂಡರಿಸಿದ. "ಅದು ನಿಲ್ಲಲ್ಲ ತಂಗೀ. ನೂರು ಎಣಿಸೋದರಲ್ಲಿ ಬೀಳ್ತದೆ."

"ಅಡ್ಡ ನಿಲ್ಲಿಸೋದು ಯಾಕೆ? ನಮ್ಮ ದಡದ ಮೇಲೆ ನೆಟ್ಟಗೆ ನಿಲ್ಲಿಸಿ ಕಟ್ಟೋಣ, ಬಾಗಿಲಿನ ಹಾಗೆ. ಬೇಕಾದಾಗ ಏತದಿಂದ ಇಳಿಸೋದು. ನೂರು ಎಣಿಸೋ ಮೊದಲು ಜನ ದಾಟಿಬಿಡ್ತಾರೆ. ಮತ್ತೆ ಎತ್ತೋದು. ಬೀಳೋಕೆ ಅದಕ್ಕೆ ಪುರುಸೊತ್ತೆಲ್ಲಿ?"

ಬಾಚಣ್ಣ ಅವಳನ್ನೇ ನೋಡಿದ. ಎದ್ದ. ಕುಳಿತ. ಮತ್ತೆ ಎದ್ದ. "ಗುಟುಕಯ್ಯ ತನ್ನ ಬಂಡೆ ಮೇಲೆ ತಾನೇ ಕೆತ್ತಿಸಿದ್ದಾನೆ, ನಾನು ಓದಿದ್ದೇನೆ" ಎಂದ. "ಮಂತ್ರ ಹಾಕಿದವನು ಅದು ಮುರಿಯೋ ದಾರಿಯನ್ನೂ ಬರೆದಿಡಬೇಕಂತೆ. 'ಆಮೆಯಿಲ್ಲದೆ, ಅಂಗಾಲು ಒದ್ದೆಯಾಗದೆ ಒಬ್ಬರು ದಾಟಿದರೂ ಬುರುಡೆಗಳು ಒಡೆಯುತ್ತವೆ' ಅಂತ ಇದೆ. ಒಬ್ಬರು ಸಾಕು! ಆದರೆ ತಂಗೀ, ಅಂಥ ಏತಕ್ಕೆ ತೊಲೆ ಎಲ್ಲಿ? ಅಂಥ ಹಗ್ಗ ಎಲ್ಲಿ? ಅಂಥ ಕಲ್ಲು ಎಲ್ಲಿ?"

"ಮೂರೇ ತಾನೆ" ಎಂದಳು ಹೊನ್ನಿ.

ಇಬ್ಬರೂ ಅರಮನೆಗೆ ಹೋಗಿ ಅಪ್ಪಣೆ ಕೇಳಿದರು. ಸಿಕ್ಕಿತು. ಸೇತುವೆಯ ಹಲಗೆಗಳನ್ನು ಊರ ಬಡಗಿಗಳಿಗೆ ಒಪ್ಪಿಸಿ, ಇಬ್ಬರೂ ಬುತ್ತಿ ಕಟ್ಟಿಕೊಂಡು ಹೊರಟರು.

ಮೊದಲು ತೊಲೆ. ಮೂಡಣ ಕಾಡಿನ ನಡುವೆ ಒಂದು ಮರವಿತ್ತು. ಅದು ಬಾಣದಷ್ಟು ನೇರ. ಅದರ ತುದಿಯ ಹಕ್ಕಿಗೂಡಿನಲ್ಲಿ ಮೋಡ ನುಗ್ಗಿ ಮರಿಗಳು ನೆನೆಯುತ್ತಿದ್ದವು. ಮರದ ಬುಡದಲ್ಲಿ ಒಂದು ಆನೆ. ಅದಕ್ಕೆ ಮುಂದೊಂದು ತಲೆ, ಹಿಂದೊಂದು ತಲೆ. ಎರಡು ಆನೆಗಳನ್ನು ಗುಟುಕಯ್ಯನೇ ಬೆನ್ನಿಗೆ ಬೆನ್ನು ಅಂಟಿಸಿ ಹಾಗೆ ಮಾಡಿದ್ದ. ಒಂದು ತಲೆ ಹೊಳೆಗೆ ಹೋಗೋಣ ಎನ್ನುವುದು, ಇನ್ನೊಂದು ಬಿದಿರಿಗೆ ಹೋಗೋಣ ಎನ್ನುವುದು. ಎಳೆದಾಡಿ ಎಳೆದಾಡಿ ಆನೆ ಹನ್ನೆರಡು ವರ್ಷದಿಂದ ನಿಂತಲ್ಲೇ ನಿಂತಿತ್ತು. ಹತ್ತಿರ ಬಂದವರ ಮೇಲೆ ಎರಡೂ ತಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದವು.

ಬಾಚಣ್ಣ ಮರ ಹತ್ತಿ ಕುಳಿತ. ಹೊನ್ನಿ ಸೊಂಡಿಲಿಗೆ ಸಿಗದಷ್ಟು ದೂರದಲ್ಲಿ ನಿಂತು, "ಏನಣ್ಣಂದಿರಾ ಜಗಳ?" ಎಂದಳು.

"ಅವನು ನನ್ನ ಮಾತು ಕೇಳಲ್ಲ!" ಎಂದಿತು ಮುಂದಿನ ತಲೆ.

"ಮುಂದಿನ ತಲೆ ನಾನು, ಅವನಲ್ಲ!" ಎಂದಿತು ಹಿಂದಿನ ತಲೆ.

"ನಾನು ಏತ ಹೊಡೆಯೋಳು" ಎಂದಳು ಹೊನ್ನಿ. "ಒಂದು ತುದಿ ಮೇಲೆ ಹೋದರೆ ಇನ್ನೊಂದು ಕೆಳಗೆ ಬರ್ತದೆ. ಎರಡೂ ಒಟ್ಟಿಗೆ ಮೇಲೆ ಹೋಗ್ತೀವಿ ಅಂತ ಹಟ ಹಿಡಿದರೆ ಮಡಿಗೆ ನೀರಿಲ್ಲ. ಬೆಳಗ್ಗೆ ಅವನು ಮುಂದೆ ನಡೀಲಿ, ನೀನು ಹಿಂದೆ ಹಿಂದೆ ಹೆಜ್ಜೆ ಹಾಕು. ಸಂಜೆ ನೀನು ಮುಂದೆ."

ಹನ್ನೆರಡು ವರ್ಷದಲ್ಲಿ ಯಾರಿಗೂ ಹೊಳೆಯದ ಮಾತು. ಹಿಂದಿನ ತಲೆ ಕೇಳಿತು: "ಬೆಳಗ್ಗೆ ಮೊದಲು ಯಾರು?"

ಅದಕ್ಕೆ ಇನ್ನೊಂದು ದಿನ ಜಗಳವಾಯಿತು. ಮೂರನೆಯ ದಿನ ಆನೆ ಅರ್ಧ ದಾರಿ ಮುಂದಾಗಿ, ಅರ್ಧ ದಾರಿ ಹಿಂದಾಗಿ, ಮರವನ್ನು ಬುಡಸಮೇತ ಕಿತ್ತು ಎಳೆದು ಕಾಡಿನ ಅಂಚಿಗೆ ತಂದು ಹಾಕಿತು.

ಆಮೇಲೆ ಹಗ್ಗ. ಕಾಡಿನ ಆಚೆ ಉಪ್ಪುಗುಡ್ಡದ ಗುಹೆಯಲ್ಲಿ ಜಡೆಯಕ್ಕ ಎಂಬ ರಕ್ಕಸಿ ಇದ್ದಳು. ಅವಳ ಕೂದಲು ದಿನಕ್ಕೊಂದು ಮಾರು ಬೆಳೆಯುತ್ತಿತ್ತು, ಕಬ್ಬಿಣದಷ್ಟು ಗಟ್ಟಿ. ಗುಟುಕಯ್ಯ ಅದನ್ನು ಗಂಟುಗಂಟು ಮಾಡಿ, ಬೆಕ್ಕಿನ ಗಾತ್ರದ ಹೇನು ಬಿಟ್ಟುಹೋಗಿದ್ದ. ಹೇನುಗಳು ಅವಳ ತಲೆಯಲ್ಲಿ ಮಿಯಾಂವ್ ಎನ್ನುತ್ತಾ ಓಡಾಡುತ್ತಿದ್ದವು. ಅವಳಿಗೆ ವರ್ಷಗಟ್ಟಲೆ ನಿದ್ದೆಯಿಲ್ಲ. ಬಂದವರನ್ನು ಅವಳು ಒಂದೇ ಪ್ರಶ್ನೆ ಕೇಳುತ್ತಿದ್ದಳು: "ನನ್ನ ಜಡೆ ಹೇಗಿದೆ?" ಚೆನ್ನಾಗಿದೆ ಎಂದರೆ ಸುಳ್ಳೆಂದು ನುಂಗುವಳು. ಚೆನ್ನಾಗಿಲ್ಲ ಎಂದರೆ ಅವಮಾನವೆಂದು ನುಂಗುವಳು.

"ನನ್ನ ಜಡೆ ಹೇಗಿದೆ?" ಎಂದಳು ಜಡೆಯಕ್ಕ.

ಬಾಚಣ್ಣ ಬಾಯಿ ತೆರೆದ. ಹೊನ್ನಿ ಅವನ ಕಾಲು ತುಳಿದಳು. "ಅಯ್ಯೋ ಅಕ್ಕಾ, ಎಷ್ಟು ದಿನವಾಯಿತು ನಿಮ್ಮ ತಲೆಗೆ ಯಾರಾದರೂ ಎಣ್ಣೆ ಹಚ್ಚಿ?" ಎಂದಳು.

ರಕ್ಕಸಿ ತಲೆ ಮುಟ್ಟಿಕೊಂಡಳು. "ಯಾರೂ ಹಚ್ಚಿಲ್ಲ" ಎಂದಳು. ಗುಹೆ ನೆನೆದುಹೋಗುವಷ್ಟು ಅತ್ತಳು.

ಹೊನ್ನಿ ಕೊಬ್ಬರಿಯೆಣ್ಣೆಯ ಕೊಡಗಳನ್ನು ತರಿಸಿದಳು. ಬಾಚಣ್ಣ ಗದ್ದೆಯ ಮಣ್ಣು ಕೆರೆಯುವ ಹಲ್ಲುಹಲ್ಲಿನ ಹಲುಬೆಯನ್ನೇ ಬಾಚಣಿಗೆ ಮಾಡಿಕೊಟ್ಟ. ಎಂಟು ದಿನ ಬಾಚಿದರು. ಹೇನುಗಳನ್ನು ಬಾಚಣ್ಣ ಕುತ್ತಿಗೆ ಹಿಡಿದು ಒಂದೊಂದಾಗಿ ಗೋಣಿಚೀಲಕ್ಕೆ ತುಂಬಿದ. ಅವನ ಕೈ ತುಂಬ ಗೀರು. ಜಡೆಯಕ್ಕ ಮೊದಲ ದಿನವೇ ಗೊರಕೆ ಹೊಡೆಯತೊಡಗಿ ಒಂಬತ್ತನೆಯ ದಿನ ಎದ್ದಳು. ಬಾಚುವಾಗ ಉದುರಿದ ಕೂದಲು ಗುಡ್ಡದಷ್ಟು ಬಿದ್ದಿತ್ತು.

"ಇದನ್ನು ಹೊಸೆದು ಹಗ್ಗ ಮಾಡಿಕೊಳ್ಳಲೇ ಅಕ್ಕಾ?"

"ಮಾಡಿಕೋ ತಂಗೀ. ಹೊಸೆಯೋಕೆ ನಾನೇ ಬರ್ತೇನೆ. ನಿನ್ನ ಜೊತೆಗಿರೋನು ಕೂದಲಿಗೆ ಗಂಟು ಹಾಕೋದು ನೋಡಿದರೆ ನನಗೆ ಭಯ ಆಗ್ತದೆ."

ಕೊನೆಗೆ ಕಲ್ಲು. ಪಡುವಣ ದಿಬ್ಬದ ಮೇಲೆ ಒಂದು ಬಂಡೆ, ಎರಡಾಳು ಎತ್ತರ. ಬಾಚಣ್ಣ ಅದರ ಸುತ್ತ ಬಂದು ನೋಡಿದ. "ಇದು ಅಷ್ಟೇನೂ ಚೆನ್ನಾಗಿಲ್ಲ ತಂಗೀ. ಓರೆಕೋರೆ ಇದೆ" ಎಂದ.

ಧಡ್ ಎಂದು ಶಬ್ದವಾಯಿತು. ಬಂಡೆ ಒಂದು ಮೊಳ ನೆಲದೊಳಗೆ ಇಳಿದಿತ್ತು.

ಜೊತೆಗೆ ಬಂದಿದ್ದ ಆನೆ ಎಳೆಯಿತು, ಕದಲಲಿಲ್ಲ. ಜಡೆಯಕ್ಕ ಎತ್ತಿದಳು, ಕದಲಲಿಲ್ಲ. "ದರಿದ್ರ ಕಲ್ಲು!" ಎಂದಳು ಹೊನ್ನಿ. ಬೈಗುಳಗಳು ಅವಳ ಹತ್ತಿರ ಇನ್ನೂ ಉಳಿದಿದ್ದವಲ್ಲ. ಬಂಡೆ ಮತ್ತೆರಡು ಮೊಳ ಇಳಿಯಿತು.

ಹೊನ್ನಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಊಟಕ್ಕೆ ಮುನಿಸಿಕೊಂಡ ಮಕ್ಕಳು ಹೀಗೇ ಭಾರವಾಗುವುದನ್ನು ಅವಳು ನೋಡಿದ್ದಳು. ದನಿ ಬದಲಿಸಿದಳು. "ಆದರೂ ಬಾಚಣ್ಣ, ಎಂಥಾ ನುಣುಪು ನೋಡಿ ಇದರ ಮೈ!"

ಬಂಡೆ ಒಂದು ಗೇಣು ಮೇಲೆ ಬಂತು.

"ಎಷ್ಟು ಗಂಭೀರವಾದ ಕಲ್ಲು!" ಇನ್ನೊಂದು ಮೊಳ. "ಇಂಥ ಕಲ್ಲು ಈ ನಾಡಿನಲ್ಲೇ ಇಲ್ಲ!" ಬಂಡೆ ಹತ್ತಿಯ ಮೂಟೆಯಂತೆ ನೆಲದಿಂದೆದ್ದು ಓಲಾಡಿತು. ಬೈದರೆ ಭಾರ, ಹೊಗಳಿದರೆ ಹಗುರ. ಅದರ ಸ್ವಭಾವವೇ ಹಾಗೆ.

"ಬಾಚಣ್ಣ, ಇದೇ ಬೇಕಾದದ್ದು! ಬೈದರೆ ಇಳೀತದೆ, ಸೇತುವೆ ಏಳ್ತದೆ. ಹೊಗಳಿದರೆ ಏಳ್ತದೆ, ಸೇತುವೆ ಇಳೀತದೆ!"

ಹೊಗಳುತ್ತಲೇ ಅದನ್ನು ಪಟ್ಟಣಕ್ಕೆ ಒಯ್ಯಬೇಕಾಯಿತು. ನಾಲ್ಕು ದಿನದ ದಾರಿ. ಎರಡನೆಯ ದಿನವೇ ಹೊಗಳಿಕೆ ಮುಗಿಯತೊಡಗಿತು. "ನಿನ್ನ ಮೂಲೆ ಚೆನ್ನ, ನಿನ್ನ ಇನ್ನೊಂದು ಮೂಲೆಯೂ ಚೆನ್ನ" ಎನ್ನುತ್ತಾ ಬಾಚಣ್ಣ ತೂಕಡಿಸಿದ. ಕಲ್ಲು ಅವನ ಕಾಲ ಹತ್ತಿರವೇ ದೊಪ್ಪನೆ ಕೂತಿತು. "ನಿನ್ನ ನೆರಳು ಎಷ್ಟು ತಂಪಪ್ಪಾ!" ಎಂದು ಅರಚಿ ಅವನು ಎಚ್ಚೆತ್ತ.

ಹುಣ್ಣಿಮೆಗೆ ಒಂದು ದಿನ ಮೊದಲು ಎಲ್ಲವೂ ಬಡಗುಕೇರಿಯ ದಡ ಸೇರಿತು. ಎರಡು ದಡಗಳೂ ಹತ್ತಿರ ಬರುವ ಇಕ್ಕಟ್ಟಿನ ಜಾಗದಲ್ಲಿ ಬಾಚಣ್ಣ ಕಂಬ ನಿಲ್ಲಿಸಿ, ಮೇಲೆ ತೊಲೆ ಏರಿಸಿದ. ಅದರ ಒಂದು ತುದಿಗೆ ಮುನಿಸುಗಲ್ಲು ತೂಗುಬಿತ್ತು. ಇನ್ನೊಂದು ತುದಿಯಿಂದ ಜಡೆಯಕ್ಕನ ಕೂದಲ ಹಗ್ಗ ಇಳಿದು, ಆಕಾಶಕ್ಕೆ ಮುಖಮಾಡಿ ನಿಂತ ಸೇತುವೆಯ ತಲೆಗೆ ಕಟ್ಟಿಕೊಂಡಿತು.

ಹುಣ್ಣಿಮೆಯ ದಿನ ಬಂತು. ಮಧ್ಯಾಹ್ನ ಹತ್ತಿರವಾಯಿತು. ರಾಜ ದಡದ ಮೇಲೆ ಕುರ್ಚಿ ಹಾಕಿಸಿಕೊಂಡು ಬೆವರುತ್ತಾ ಕುಳಿತಿದ್ದ. ಎರಡೂ ದಡದಲ್ಲಿ ಜನವೋ ಜನ. ಗುಟುಕಯ್ಯ ಸೊಂಟದ ಸುತ್ತ ಬುರುಡೆಗಳನ್ನು ಕಟಕಟ ಅಲ್ಲಾಡಿಸುತ್ತಾ ಬಂದ. ನೆಟ್ಟಗೆ ನಿಂತ ಸೇತುವೆಯನ್ನು ನೋಡಿ, "ಇದೇನು, ಸಮುದ್ರಕ್ಕೆ ಬಾಗಿಲೋ?" ಎಂದು ನಕ್ಕ.

ಆಗ ಆಚೆ ದಡದಿಂದ ಒಂದು ಕೂಗು ಬಂತು. "ದುಗ್ಗಮ್ಮಾ! ನನ್ನ ಸೊಸೆಗೆ ನೋವು ಶುರುವಾಗಿದೆ! ಮಗು ಅಡ್ಡ ಬಂದಿದೆ, ಬೇಗ ಬನ್ನಿ!" ಕೂಗಿದವಳು ಮೀನುಪೇಟೆಯ ಸಂಕಮ್ಮ.

ದುಗ್ಗಮ್ಮ ಆಮೆಯ ಕಡೆ ಓಡಿದಳು. ಅವಳ ನಾಲಿಗೆಯಲ್ಲಿ ಇನ್ನು ಉಳಿದದ್ದೇ ಹಿಡಿಯಷ್ಟು ಮಾತು. ಹೊನ್ನಿ ಅಡ್ಡ ನಿಂತಳು.

"ಅಮ್ಮಾ, ಆಮೆ ಬೇಡ. ಇದರ ಮೇಲೆ ಹೋಗು." ಕಲ್ಲಿನ ಕಡೆ ತಿರುಗಿ, "ನನ್ನ ಚಿನ್ನದಂಥ ಕಲ್ಲೇ, ನಿನ್ನಷ್ಟು ಒಳ್ಳೆಯವರು ಯಾರಿದ್ದಾರೆ!" ಎಂದಳು.

ಕಲ್ಲು ಹಗುರಾಗಿ ಮೇಲೆದ್ದಿತು. ಸೇತುವೆ ಕಿರ್ರೆಂದು ಬಾಗಿ ಬಾಗಿ, ತೆಂಕುಕೇರಿಯ ದಡದ ಮೇಲೆ ತಲೆಯಿಟ್ಟಿತು. ದುಗ್ಗಮ್ಮ ನಡೆದಳು.

"ಒಂದು! ಎರಡು! ಮೂರು!" ಎಂದು ಜನ ಎಣಿಸತೊಡಗಿದರು. ಎಣಿಕೆ ನೆಟ್ಟಗಿರಲಿಲ್ಲ. ಯಾರೋ ಒಬ್ಬ ಆಮೆಗೆ ನಲವತ್ತನ್ನು ಕೊಟ್ಟಿದ್ದ, ಇನ್ನೊಬ್ಬ ಅರವತ್ತನ್ನು ಕೊಟ್ಟಿದ್ದ. ಒಂದು ಗುಂಪು ಮೂವತ್ತೊಂಬತ್ತರಿಂದ ಐವತ್ತಕ್ಕೆ ಹಾರಿತು, ಮತ್ತೊಂದು ಐವತ್ತೊಂಬತ್ತರಲ್ಲೇ ನಿಂತು ಬೆವರಿತು.

ಗುಟುಕಯ್ಯನ ನಗು ನಿಂತಿತು. ಅವನು ನೀರಿನಿಂದ ಚಂಗನೆ ಹಾರಿ ಸೇತುವೆಯ ತುದಿಯಲ್ಲಿ, ದುಗ್ಗಮ್ಮನಿಗೆ ಅಡ್ಡಲಾಗಿ ನಿಂತ. ಕೈ ಅಗಲಿಸಿದ. "ಎಲ್ಲಿಗೆ ಮುದುಕಿ? ಇಲ್ಲೇ ನಿಂತಿರು. ಎಪ್ಪತ್ತಾಯಿತು. ಇನ್ನು ಮೂವತ್ತು ಎಣಿಸಿದರೆ ನೀನೂ ಇಲ್ಲ, ಇದೂ ಇಲ್ಲ."

ಹೊನ್ನಿ ಕಲ್ಲಿನ ಕಡೆ ನೋಡಿದಳು, ತಾಯಿಯ ಕಡೆ ನೋಡಿದಳು. ಕಲ್ಲನ್ನು ಬೈದು ಸೇತುವೆ ಎತ್ತಿದರೆ ತಾಯಿ ಬೀಳುತ್ತಾಳೆ. ಎತ್ತದಿದ್ದರೂ ಬೀಳುತ್ತಾಳೆ. ಹಲಗೆಗಳು ಆಗಲೇ ಚಟಚಟ ಎನ್ನುತ್ತಿದ್ದವು.

"ಎಂಬತ್ತು" ಎಂದ ಗುಟುಕಯ್ಯ.

ಆದರೆ ದುಗ್ಗಮ್ಮನಿಗೆ ಕೇಳಿಸುತ್ತಿದ್ದದ್ದು ಆಚೆ ದಡದ ಹೆಣ್ಣಿನ ನರಳಾಟ ಮಾತ್ರ. ಅವಳ ಮುಂದೆ ಒಬ್ಬ ಗಂಡಸು ಬಾಗಿಲಿಗೆ ಅಡ್ಡ ನಿಂತಿದ್ದಾನೆ. ಹೆರಿಗೆಯ ಮನೆಗಳಲ್ಲಿ ಇಂಥ ಗಂಡಸರನ್ನು ಅವಳು ಮೂವತ್ತು ವರ್ಷದಿಂದ ನೋಡಿದ್ದಳು. ಗಂಡಂದಿರು, ಮಾವಂದಿರು, ಭಾವಂದಿರು. ಎಲ್ಲರಿಗೂ ಏನು ಮಾಡುತ್ತಿದ್ದಳೋ ಅದನ್ನೇ ಮಾಡಿದಳು. ಮೊಣಕೈಯಿಂದ ಅವನ ಪಕ್ಕೆಗೆ ಒಂದು ತಿವಿದು, "ಸರಿ ಆಚೆ! ಹೋಗಿ ನೀರು ಕಾಯಿಸು!" ಎಂದಳು.

ಗುಟುಕಯ್ಯನಿಗೆ ಯಾರೂ ಹಾಗೆ ಹೇಳಿರಲಿಲ್ಲ. ಅವನು ಗಾಬರಿಯಾಗಿ ಪಕ್ಕಕ್ಕೆ ಸರಿದ. "ಎಷ್ಟು ನೀರು?" ಎಂದೂ ಕೇಳಿಬಿಟ್ಟ.

ಅಷ್ಟರಲ್ಲಿ ದುಗ್ಗಮ್ಮ ತೆಂಕುಕೇರಿಯ ಮರಳಿನ ಮೇಲೆ ಕಾಲಿಟ್ಟಿದ್ದಳು. ಅಂಗಾಲು ಒಣಗಿತ್ತು.

ಪಟ್! ಪಟ್! ಪಟಪಟ! ಗುಟುಕಯ್ಯನ ಸೊಂಟದ ಬುರುಡೆಗಳು ಒಡೆದವು. ಮಾತುಗಳು ಜೇನುಹುಳುಗಳಂತೆ ಗುಂಯ್ ಎಂದು ಮೇಲೆದ್ದು ತಮ್ಮ ತಮ್ಮ ನಾಲಿಗೆ ಹುಡುಕಿಕೊಂಡು ಹಾರಿದವು. "ನಲವತ್ತು! ನಲವತ್ತು!" ಎಂದು ಒಬ್ಬ ಕುಣಿದ. "ಮೀನು!" ಎಂದು ಸಂಕಮ್ಮ ಸೊಸೆಯ ಕೈ ಹಿಡಿದೇ ಕಿರುಚಿದಳು. ಬಾಚಣ್ಣ "ಸೇತುವೆ" ಎಂದ. ಇನ್ನೊಮ್ಮೆ "ಸೇತುವೆ" ಎಂದ. ಆಮೇಲೆ ಕಂಬವನ್ನು ತಬ್ಬಿಕೊಂಡು ಅತ್ತ.

ಆಚೆ ದಡದಲ್ಲಿ ದುಗ್ಗಮ್ಮ ಅವಸರದಲ್ಲಿ ಓಡುತ್ತಿದ್ದವಳು ಥಟ್ಟನೆ ನಿಂತಳು. ತಿರುಗಿದಳು.

"ಹೊನ್ನೀ!" ಎಂದು ಕೂಗಿದಳು. "ಹೊನ್ನೀ! ನನ್ನ ಹೊನ್ನೀ!"

"ಓ ಅಮ್ಮಾ!" ಎಂದಳು ಹೊನ್ನಿ. ಅವಳ ಕಣ್ಣಿಗೆ ಏನೂ ಕಾಣಿಸುತ್ತಿರಲಿಲ್ಲ.

ಕಣ್ಣೊರೆಸಿಕೊಂಡು ನೋಡಿದರೆ ಗುಟುಕಯ್ಯ ಸೇತುವೆಯ ತುದಿಯಲ್ಲಿ ನಿಂತು ಹೊಸ ಮಂತ್ರಕ್ಕೆ ತುಟಿ ಅಲುಗಿಸುತ್ತಿದ್ದ. ಹೊನ್ನಿ ಜನರ ಕಡೆ ತಿರುಗಿ, ಕಲ್ಲನ್ನು ತೋರಿಸುತ್ತಾ, "ಬೈಯಿರಿ!" ಎಂದಳು. ಎಷ್ಟೋ ವರ್ಷದಿಂದ ಬೈಯಲು ಬಾಯಿಲ್ಲದ ಊರದು. ಈಗ ಬೈಗುಳಗಳೆಲ್ಲ ಒಟ್ಟಿಗೆ ಮನೆಗೆ ಬಂದಿದ್ದವು. ಅಜ್ಜಿಯರು ಮುಂದೆ ನಿಂತರು. "ಮುಟ್ಠಾಳ! ಗೂಬೆ! ಬೆಪ್ಪುತಕ್ಕಡಿ! ಹಾಳು ಮೂದೇವಿ!" ಮುದಿ ಮಂತ್ರಿ ಹೇಳಿದ್ದನ್ನು ಇಲ್ಲಿ ಹೇಳುವಂತಿಲ್ಲ. ಪಾಪದ ಕಲ್ಲು ಸಾವಿರ ಆನೆಯಷ್ಟು ಭಾರವಾಗಿ ಧಡಾರನೆ ಕೆಳಗಿಳಿಯಿತು. ಸೇತುವೆ ಕವಣೆಯಂತೆ ಮೇಲೆ ಚಿಮ್ಮಿತು. ಗುಟುಕಯ್ಯ ಆಕಾಶದಲ್ಲಿ ಮೂರು ಪಲ್ಟಿ ಹೊಡೆದು, ಬಂದು ಬಿದ್ದದ್ದು ತನ್ನದೇ ಆಮೆಯ ಬೆನ್ನಿನ ಮೇಲೆ.

"ನಾನು ಯಾರು ಗೊತ್ತಾ!" ಎಂದು ಅರಚಿದ.

ಆಮೆಗೆ ಅಭ್ಯಾಸ ಇನ್ನೂ ಬಿಟ್ಟಿರಲಿಲ್ಲ. ಮೊದಲು ಬಂದ ಮಾತನ್ನು ತೆಗೆದುಕೊಂಡಿತು. ಇಡಲು ಬುರುಡೆಯಿಲ್ಲದೆ ನುಂಗಿಬಿಟ್ಟಿತು. ಗುಟುಕಯ್ಯನ ನಾಲಿಗೆಯಿಂದ 'ನಾನು' ಹೋಯಿತು. ಅವನ ಮಂತ್ರಗಳೆಲ್ಲ 'ನಾನು' ಎಂದೇ ಶುರುವಾಗುತ್ತಿದ್ದವು. ಹಾಗಾಗಿ ಒಂದೂ ಉಳಿಯಲಿಲ್ಲ.

ಸರಿಯಾಗಿ ಮಧ್ಯಾಹ್ನವಾಯಿತು. ಮೈಗೆಲ್ಲ ಪಾಚಿ ಮೆತ್ತಿದ ಗುಟುಕಯ್ಯನನ್ನು ಹಿಡಿದು ರಾಜನ ಮುಂದೆ ನಿಲ್ಲಿಸಿದರು. "ಪ್ರಭುಗಳೇ, ಇವನಿಗೆ ರಾಜ್ಯ ಕೊಡೋದಾ?" ಎಂದ ಮಂತ್ರಿ.

ರಾಜ ಎದ್ದು ನಿಂತ. "ಬೇಡ!" ಎಂದ. "ಒಲ್ಲೆ! ಕೂಡದು!" ಎಂದ. ಸಂತೋಷ ತಡೆಯದೆ, ಹೋಳಿಗೆ ತಂದ ಅಡುಗೆಯವನಿಗೂ ಬೇಡ ಎಂದ. ಸ್ವಲ್ಪ ಹೊತ್ತಾದ ಮೇಲೆ ಅವನನ್ನು ಗುಟ್ಟಾಗಿ ವಾಪಸು ಕರೆದ.

ಸಂಜೆಗೆ ತೆಂಕುಕೇರಿಯಿಂದ ಸುದ್ದಿ ಬಂತು. ತಾಯಿ ಕ್ಷೇಮ, ಮಗಳು ಕ್ಷೇಮ. ಮಗು ಹುಟ್ಟುತ್ತಲೇ ಎಂಥ ಗಂಟಲು ತೆಗೆಯಿತೆಂದರೆ ಈ ದಡದವರೂ ತಿರುಗಿ ನೋಡಿದರು.

ಮಾಯೆಯೆಲ್ಲ ಕಳಚಿತು. ಎರಡು ತಲೆಯ ಆನೆ ಬಿಡಿಸಿಕೊಂಡು ಎರಡು ಆನೆಯಾಯಿತು. ಒಂದು ಹೊಳೆಗೆ, ಒಂದು ಬಿದಿರಿಗೆ ಓಡಿದವು. ಅರ್ಧ ಗಳಿಗೆಯಲ್ಲಿ ಎರಡೂ ಘೀಳಿಡುತ್ತಾ ವಾಪಸು ಬಂದು ಒಂದರ ಪಕ್ಕ ಒಂದು ನಿಂತವು. ಚೀಲದ ಹೇನುಗಳು ನಿಜವಾದ ಬೆಕ್ಕುಗಳಾಗಿ ಮೀನುಪೇಟೆಗೆ ನುಗ್ಗಿದವು. ಜಡೆಯಕ್ಕ ಬಂದರಿನಲ್ಲೇ ಉಳಿದು ಹಡಗುಗಳಿಗೆ ಹಗ್ಗ ಹೊಸೆಯತೊಡಗಿದಳು. ಆಮೆ ಮಾತ್ರ ಒಂದು ದೊಡ್ಡ ಉಸಿರು ಬಿಟ್ಟು ಮುಳುಗಿ ಹೋಯಿತು, ಮತ್ತೆ ಬರಲಿಲ್ಲ.

"ಈಗ ಮಂತ್ರವಿಲ್ಲವಲ್ಲ, ಇನ್ನು ಭದ್ರವಾದ ಕಲ್ಲಿನ ಸೇತುವೆ ಕಟ್ಟಲೇ ಪ್ರಭುಗಳೇ?" ಎಂದು ಬಾಚಣ್ಣ ಕೇಳಿದ. ರಾಜ ಬಾಯಿ ತೆರೆಯುವ ಮೊದಲೇ ಹಡಗಿನವರು ಗುಲ್ಲೆಬ್ಬಿಸಿದರು: "ನಮ್ಮ ಹಾಯಿಕಂಬಗಳನ್ನು ಗರಗಸದಿಂದ ಕೊಯ್ದು ಒಳಗೆ ಬರೋಣವೇ?" ಹಾಗಾಗಿ ಏಳುವ ಸೇತುವೆಯೇ ಉಳಿಯಿತು. ಹಡಗು ಬಂದರೆ ಕಲ್ಲನ್ನು ಬೈಯುವರು, ಹೋದಮೇಲೆ ಹೊಗಳುವರು. ಹೊನ್ನಿ ಸೇತುವೆಯ ಒಡತಿಯಾದಳು. ಬೈಯುವುದು ಅವಳ ಕೆಲಸ, ಅದೂ ಮಿತಿಯಲ್ಲಿ. ಹೊಗಳುವ ಕೆಲಸ ಗುಟುಕಯ್ಯನ ಪಾಲಿಗೆ ಬಂತು. 'ನಾನು' ಹೋದದ್ದರಿಂದ ಅವನಿಗೆ ಬೇರೆಯವರ ಬಗ್ಗೆಯಲ್ಲದೆ ಮಾತಾಡಲು ಏನೂ ಇರಲಿಲ್ಲ. ಹಸಿವಾದರೆ "ನಿನಗೆ ಹಸಿವು" ಎನ್ನುವನು. ಜನ "ಇಲ್ಲಪ್ಪ, ನನ್ನ ಊಟವಾಯಿತು" ಎಂದು ಹೋಗಿಬಿಡುವರು. ದುಗ್ಗಮ್ಮ ಮಾತ್ರ ಅರ್ಥಮಾಡಿಕೊಂಡು ಗಂಜಿ ಬಡಿಸುತ್ತಿದ್ದಳು. ಕಲ್ಲಿಗಂತೂ ಅವನೆಂದರೆ ಪ್ರಾಣ.

ಕೆಲವು ವರ್ಷಗಳ ಮೇಲೆ ಮೇರುದ್ವೀಪದಿಂದ ಒಬ್ಬ ರಾಯಭಾರಿ ಬಂದ. ಜರತಾರಿ ಅಂಗಿ, ಕೊಂಬಿನಂಥ ಮೀಸೆ. ಅವನು ತೆಂಕುಕೇರಿಯ ಹಬ್ಬಕ್ಕೆ ಹೊರಟಿದ್ದ. ಹಡಗಿಗಾಗಿ ಸೇತುವೆ ಎದ್ದಿತ್ತು. "ಇದೇನು, ಒಂದು ಯಃಕಶ್ಚಿತ್ ಕಲ್ಲಿಗಾಗಿ ನಾನು ಕಾಯಬೇಕೇ?" ಎಂದ.

ಕಲ್ಲು ಧೊಪ್ಪನೆ ಇನ್ನೂ ಕೆಳಗಿಳಿಯಿತು. ಹಡಗು ಹೋಯಿತು. ಸೇತುವೆ ಇಳಿಯಲಿಲ್ಲ. ಗುಟುಕಯ್ಯ ಗಂಟಲು ಬೀಳುವಷ್ಟು ಹೊಗಳಿದ, ಹೊನ್ನಿ ಕಲ್ಲಿನ ಬೆನ್ನು ಸವರಿದಳು. ಇಳಿಯಲಿಲ್ಲ.

"ಸ್ವಾಮೀ, ಅದಕ್ಕೆ ನಿಮ್ಮ ಮೇಲೆ ಮುನಿಸು. ನೀವೇ ಒಂದು ಒಳ್ಳೆ ಮಾತು ಹೇಳಬೇಕು" ಎಂದಳು ಹೊನ್ನಿ.

"ನಾನು ಮೂರು ಸಮುದ್ರದ ಒಡೆಯನ ರಾಯಭಾರಿ! ಕಲ್ಲಿನ ಮುಂದೆ ಹಲ್ಲು ಗಿಂಜುವವನಲ್ಲ!"

ಮೊದಲ ದಿನ ಅವನು ದೋಣಿಯನ್ನೂ ಒಲ್ಲೆನೆಂದು ಬೆನ್ನು ತಿರುಗಿಸಿ ಕುಳಿತ. ಎರಡನೆಯ ದಿನ ಕಲ್ಲು ಬೆನ್ನು ತಿರುಗಿಸಿತು. ದಡದಲ್ಲಿ ಜನ ಸೇರಿತು, ಕಡಲೆಕಾಯಿ ಮಾರುವವರು ಬಂದರು, ಎರಡು ಮದುವೆಯ ಮಾತುಕತೆಗಳೂ ಅಲ್ಲೇ ಕಾಯುತ್ತಾ ಮುಗಿದವು. ಆಚೆ ದಡದಿಂದ ಹಬ್ಬದ ಅಡುಗೆಯ ಒಗ್ಗರಣೆ ಘಮ್ಮೆಂದು ಬರುತ್ತಿತ್ತು. ಮೂರನೆಯ ದಿನ ಮಧ್ಯಾಹ್ನ ರಾಯಭಾರಿ ಮೆಲ್ಲಗೆ ಎದ್ದ. ಯಾರೂ ನೋಡುತ್ತಿಲ್ಲವೆಂದುಕೊಂಡು ಕಲ್ಲಿನ ಹತ್ತಿರ ಬಗ್ಗಿದ. ಊರೆಲ್ಲ ನೋಡುತ್ತಿತ್ತು.

"ಕಲ್ಲೇ," ಎಂದ ಸಣ್ಣ ದನಿಯಲ್ಲಿ, "ನಿನ್ನ ಆ ಎಡ ಮಗ್ಗುಲು... ಪರವಾಗಿಲ್ಲ."

ಸೇತುವೆ ಕಾಲು ಭಾಗ ಇಳಿದು ನಿಂತಿತು.

"ಇನ್ನೊಂಚೂರು ಸ್ವಾಮೀ" ಎಂದಳು ಹೊನ್ನಿ.

ರಾಯಭಾರಿ ಮೀಸೆ ಕೆಳಗೆ ಮಾಡಿದ. ಕಲ್ಲನ್ನು ಮೊದಲ ಸಲ ಸರಿಯಾಗಿ ನೋಡಿದ. "ಇಷ್ಟು ಜನರನ್ನು ದಿನವೂ ದಾಟಿಸುತ್ತೀಯಲ್ಲ," ಎಂದ, "ನನ್ನಿಂದ ಒಂದು ದಿನವೂ ಆಗುತ್ತಿರಲಿಲ್ಲ."

ಸೇತುವೆ ಎಷ್ಟು ಮೆಲ್ಲಗೆ ಇಳಿಯಿತೆಂದರೆ, ಅದರ ತುದಿಯಲ್ಲಿ ಮಲಗಿದ್ದ ಬೆಕ್ಕಿಗೆ ಎಚ್ಚರವೂ ಆಗಲಿಲ್ಲ.

ಆಮೇಲೆ ಬಡಗುಕೇರಿಯವರು ತೆಂಕುಕೇರಿಯಲ್ಲಿ ಉಂಡು, ತೆಂಕುಕೇರಿಯವರು ಬಡಗುಕೇರಿಯಲ್ಲಿ ಹರಟೆ ಹೊಡೆದು, ಹಡಗು ಬಂದಾಗ ಬೈದು, ಹೋದಾಗ ಹೊಗಳಿ, ಎಲ್ಲರೂ ತುಂಬು ಹೊಟ್ಟೆಯಲ್ಲಿ, ತುಂಬು ಬಾಯಲ್ಲಿ ನೂರು ಕಾಲ ಬಾಳಿದರು.